‘ನಾನಿನ್ನೂ ರೆಡಿ ಇಲ್ಲ’: ಯೇಸುವಿನ ಕರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪ ಕಡೆ ಬೈಬಲ್ ಅಧ್ಯಯನಕ್ಕೆ, ಧ್ಯಾನಕೂಟಕ್ಕೆ ಬರುವವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವನ್ನು ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೇಳಿದರು. ಕೆಲವು ಪತ್ರದಲ್ಲಿ ಬಂದವು, ಕೆಲವು ವಾಟ್ಸಾಪಿನಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ. ನಾನು ಫಾದರ್ ಅಲ್ಲ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಸಾಮಾನ್ಯ ವಿಶ್ವಾಸಿ. ‘ನನಗೆ ಯೋಗ್ಯತೆ ಇಲ್ಲ’ ಅಂತ ಹಿಂದೆ ಸರಿಯುವವರಲ್ಲಿ ಒಳ್ಳೆಯ ಮನಸ್ಸಿನವರೇ ಜಾಸ್ತಿ. ಅವರು ಹಿಂದೆಯೇ ಉಳಿಯಬಾರದು ಅನ್ನುವುದು ನನ್ನ ಆಸೆ.

## ಮೊದಲು ಕೇಳುವ ಪ್ರಶ್ನೆಗಳು

ಶಿಷ್ಯರಾಗೋದು ಅಂದ್ರೆ ಫಾದರ್, ಸಿಸ್ಟರ್ ಆಗೋರಿಗೆ ಅಲ್ವಾ? ನಮ್ಮಂಥವರಿಗೂ ಕರೆ ಇದೆ ಅಂತ ಯಾಕೆ ಹೇಳ್ತೀರಿ?

ಫಾದರ್, ಸಿಸ್ಟರ್ ಆಗುವುದು ಒಂದು ಬಗೆಯ ಕರೆ. ಅದಕ್ಕಿಂತ ಮೊದಲಿನ ಕರೆ ದೀಕ್ಷಾಸ್ನಾನದಲ್ಲೇ ಎಲ್ಲರಿಗೂ ಸಿಕ್ಕಿದೆ. ಕ್ಯಾಥೊಲಿಕ್ ಬಿಷಪ್ಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಇದೆ. ಮದುವೆಯಾದವರು, ಗಂಡನನ್ನು ಕಳೆದುಕೊಂಡವರು, ದುಡಿದು ತಿನ್ನುವವರು, ಕಾಯಿಲೆ ಬಿದ್ದವರು, ಎಲ್ಲರ ಬಗ್ಗೆಯೂ ಅಲ್ಲಿ ಹೇಳಿದೆ.

ಯೇಸುವಿನ ಕಾಲದಲ್ಲೂ ಶಿಷ್ಯರು ಅಂದರೆ ಹನ್ನೆರಡು ಜನ ಮಾತ್ರ ಆಗಿರಲಿಲ್ಲ. ಬೆಥಾನಿಯದ ಮಾರ್ತ, ಮರಿಯ, ಲಾಸರ ತಮ್ಮ ಊರಿನಲ್ಲೇ, ತಮ್ಮ ಮನೆಯಲ್ಲೇ ಇದ್ದರು. ಯೇಸುವೇ ಅಲ್ಲಿಗೆ ಬಂದು ಹೋಗುತ್ತಿದ್ದರು.

ಮಲೆನಾಡಿನಲ್ಲಿ ವಿಶ್ವಾಸ ಉಳಿದದ್ದೂ ಮನೆಗಳಲ್ಲೇ. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ, ಅಡಿಕೆ ತೋಟಗಳಿಗೆ ಬಂದ ಕುಟುಂಬಗಳಿಗೆ ಚರ್ಚ್ ದೂರ ಇತ್ತು, ಫಾದರ್ ಬರುವುದು ಅಪರೂಪ. ಸಂಜೆ ದೀಪ ಹಚ್ಚಿ ಜಪಸರ ಹಿಡಿದು ಕೂತ ಅಜ್ಜಿಯರೇ ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದರು. ಶಿವಮೊಗ್ಗ ಪ್ರತ್ಯೇಕ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1988ರಲ್ಲಿ. ಆ ಅಜ್ಜಿಯರು ಅದಕ್ಕೂ ಎಷ್ಟೋ ಮೊದಲಿನವರು. ತಾವು ಶಿಷ್ಯರು ಅಂತ ಅವರು ಹೇಳಿಕೊಂಡಿರಲಿಕ್ಕಿಲ್ಲ. ಆದರೆ ಅವರು ಮಾಡಿದ್ದು ಶಿಷ್ಯರ ಕೆಲಸವೇ.

ಕರೆ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ? ನನಗೆ ಯಾವ ಧ್ವನಿಯೂ ಕೇಳಿಸಿಲ್ಲ.

ಹೆಚ್ಚಿನವರಿಗೆ ಕೇಳಿಸುವುದಿಲ್ಲ. ಧ್ವನಿ ಕೇಳಿಸಿದ ಹುಡುಗ ಸಮುವೇಲನಿಗೇ ಅದು ದೇವರದ್ದು ಅಂತ ಗೊತ್ತಾಗಲಿಲ್ಲ. ಮೂರು ಸಲ ಎದ್ದು ಮುದುಕ ಯಾಜಕ ಏಲಿಯ ಹತ್ತಿರ ಓಡಿಹೋದ. ಕರೆಯುತ್ತಿರುವವರು ಯಾರು ಅಂತ ತಿಳಿಸಿದ್ದು ಕಣ್ಣು ಮಂಜಾಗಿದ್ದ ಆ ಏಲಿ (ಬೈಬಲ್ಲಿನ 1 ಸಮುವೇಲ, ಅಧ್ಯಾಯ 3). ಕರೆಯನ್ನು ಗುರುತಿಸುವುದಕ್ಕೆ ಇನ್ನೊಬ್ಬರ ಸಹಾಯ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ಕಡೆ ಕರೆ ಬರುವುದು ತೀರ ಸಾಮಾನ್ಯ ದಾರಿಯಲ್ಲಿ. ‘ಮುಂದಿನ ಭಾನುವಾರ ಪೂಜೆಯಲ್ಲಿ ಬೈಬಲ್ ವಾಚನ ಓದ್ತೀರಾ?’ ಅಂತ ಫಾದರ್ ಕೇಳುತ್ತಾರೆ. ತೋಟದ ಕೆಲಸದವರ ಪಕ್ಕದ ಲೈನ್ ಮನೆಯ ಮುದುಕಿಗೆ ಮಾತ್ರೆ ತಂದುಕೊಡುವವರಿಲ್ಲ ಅಂತ ಕಿವಿಗೆ ಬೀಳುತ್ತದೆ, ಆಮೇಲೆ ಅದು ತಲೆಯಿಂದ ಹೋಗುವುದೇ ಇಲ್ಲ. ಶುಭಸಂದೇಶದ ಒಂದು ಸಾಲು ವಾರವೆಲ್ಲ ಕಾಡುತ್ತದೆ. ಅದು ಮತ್ತೆ ಮತ್ತೆ ಬರುತ್ತಿದೆಯಾ, ಅದರಿಂದ ಯಾರಿಗಾದರೂ ಒಳ್ಳೆಯದಾಗುತ್ತದಾ, ಇವೆರಡನ್ನು ಕೇಳಿಕೊಳ್ಳಿ. ಹೌದು ಅನ್ನಿಸಿದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಹತ್ತಿರ ಹೇಳಿ. ಯಾವಾಗಲೂ ಹೊಗಳುವವರ ಹತ್ತಿರ ಬೇಡ.

ಮೊದಲು ನಾನು ಸರಿಯಾಗ್ತೀನಿ, ಆಮೇಲೆ ಬರ್ತೀನಿ. ಇದರಲ್ಲಿ ತಪ್ಪೇನು?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

ಮೋಶೆಯ ಕಥೆ ತೆಗೆದುಕೊಳ್ಳಿ (ವಿಮೋಚನಾಕಾಂಡ 3 ಮತ್ತು 4). ಈಜಿಪ್ಟಿನ ಗುಲಾಮಗಿರಿಯಿಂದ ನನ್ನ ಜನರನ್ನು ಬಿಡಿಸಿಕೊಂಡು ಬಾ ಅಂತ ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ನಿಂತು ಅವನು ಐದು ಸಲ ತಪ್ಪಿಸಿಕೊಳ್ಳಲು ನೋಡುತ್ತಾನೆ. ನಾನು ಎಷ್ಟರವನು? ನಿಮ್ಮ ಹೆಸರು ಕೇಳಿದರೆ ಏನು ಹೇಳಲಿ? ಜನ ನಂಬದಿದ್ದರೆ? ನನಗೆ ಮಾತು ಬರುವುದಿಲ್ಲ. ಕೊನೆಗೆ, ಬೇರೆ ಯಾರನ್ನಾದರೂ ಕಳಿಸಿ. ಮೊದಲ ಪ್ರಶ್ನೆಗೆ ದೇವರು ಕೊಡುವ ಉತ್ತರ ಗಮನಿಸಿ. ‘ನೀನು ದೊಡ್ಡವನು, ನಿನ್ನಿಂದ ಆಗುತ್ತದೆ’ ಅಂತ ಧೈರ್ಯ ತುಂಬುವುದಿಲ್ಲ. ‘ನಾನು ನಿನ್ನ ಜೊತೆ ಇರುತ್ತೇನೆ’ ಅನ್ನುತ್ತಾರೆ. ಮೋಶೆಯ ಯೋಗ್ಯತೆಯ ವಿಷಯ ಅಲ್ಲಿ ಬರುವುದೇ ಇಲ್ಲ. ಮೊದಲ ನಾಲ್ಕು ಮಾತಿಗೆ ದೇವರು ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಅವರಿಗೆ ಸಿಟ್ಟು ಬರುವುದು ಐದನೆಯದಕ್ಕೆ. ಭಯ ಹೇಳಿಕೊಂಡದ್ದಕ್ಕೆ ಸಿಟ್ಟಿಲ್ಲ, ಹೋಗುವುದೇ ಇಲ್ಲ ಅಂದದ್ದಕ್ಕೆ ಸಿಟ್ಟು. ನನಗೆ ಇದು ಬಹಳ ಸಮಾಧಾನ ಕೊಡುವ ವಿಷಯ.

ಹನ್ನೆರಡು ಶಿಷ್ಯರದ್ದೂ ಇದೇ ಕಥೆ. ಮಾರ್ಕನ ಶುಭಸಂದೇಶ ಓದುತ್ತಾ ಹೋದರೆ ಅವರಿಗೆ ಎಷ್ಟು ಕಡಿಮೆ ಅರ್ಥವಾಗಿತ್ತು ಅನ್ನುವುದು ಕಾಣುತ್ತದೆ. ಆರನೇ ಅಧ್ಯಾಯದಲ್ಲಿ ಯೇಸು ಅವರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುತ್ತಾರೆ. ಒಂಬತ್ತನೇ ಅಧ್ಯಾಯಕ್ಕೆ ಬಂದರೂ ಅವರು ದಾರಿಯಲ್ಲಿ ‘ನಮ್ಮಲ್ಲಿ ದೊಡ್ಡವರು ಯಾರು’ ಅಂತ ಜಗಳ ಆಡುತ್ತಿದ್ದಾರೆ. ಅವರು ಸರಿಯಾಗಲಿ ಅಂತ ಯೇಸು ಕಾದಿದ್ದರೆ ಯಾರೂ ಯಾವ ಊರಿಗೂ ಹೋಗುತ್ತಿರಲಿಲ್ಲ. ನಮ್ಮ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯುವವರು ಮರ ಹತ್ತುವುದನ್ನು ಕಲಿತದ್ದು ಮರದ ಮೇಲೆಯೇ, ಮೊದಲು ಗಿಡ್ಡ ಮರ, ಪಕ್ಕದಲ್ಲಿ ಅನುಭವ ಇದ್ದವರು. ಶಿಷ್ಯರೂ ಹಾಗೇ ಕಲಿತರು.

‘ಮೊದಲು ಸರಿಯಾಗ್ತೀನಿ’ ಅನ್ನುವುದಕ್ಕೆ ಇನ್ನೊಂದು ತೊಂದರೆ ಇದೆ. ಆ ‘ಮೊದಲು’ ಮುಗಿಯುವುದಿಲ್ಲ. ಮೊದಲು ಕೆಲಸ ಸಿಗಲಿ. ಆಮೇಲೆ ಮದುವೆ. ಆಮೇಲೆ ಮನೆ ಸಾಲ ತೀರಲಿ, ಮಗಳ ಎಸ್‌ಎಸ್‌ಎಲ್‌ಸಿ ಮುಗಿಯಲಿ. ಹೀಗೆ ಹೇಳುತ್ತಲೇ ವಯಸ್ಸಾದವರನ್ನು ನಾನು ನೋಡಿದ್ದೇನೆ. ಅವರ್ಯಾರೂ ಕೆಟ್ಟವರಲ್ಲ. ಅವರಲ್ಲಿದ್ದ ಪ್ರೀತಿ ಬೇರೆಯವರಿಗೆ ಸಿಗಲಿಲ್ಲವಲ್ಲ ಅನ್ನುವುದೇ ನನಗೆ ಸಂಕಟ.

ಪ್ರತಿ ಪೂಜೆಯಲ್ಲೂ ಪರಮಪ್ರಸಾದ (ಪವಿತ್ರ ರೊಟ್ಟಿ) ಸ್ವೀಕರಿಸುವುದಕ್ಕೆ ಸ್ವಲ್ಪ ಮೊದಲು ನಾವೆಲ್ಲ ಒಟ್ಟಾಗಿ ಒಂದು ಮಾತು ಹೇಳುತ್ತೇವೆ: ಪ್ರಭುವೇ, ನಾನು ಯೋಗ್ಯನಲ್ಲ. ರೋಮನ್ ಶತಾಧಿಪತಿ ಯೇಸುವಿಗೆ ಹೇಳಿದ ಮಾತದು (ಮತ್ತಾಯ 8). ಪೂಜೆ ಅರ್ಪಿಸುವ ಫಾದರ್ ಕೂಡ ಅದನ್ನು ಹೇಳುತ್ತಾರೆ. ಹೇಳಿದ ಮೇಲೆ ಯಾರೂ ಮನೆಗೆ ಹೊರಡುವುದಿಲ್ಲ, ಎದ್ದು ಸಾಲಿನಲ್ಲಿ ನಿಲ್ಲುತ್ತೇವೆ. ಪ್ರತಿ ವಾರ ಹೀಗೆ ಮಾಡುವ ನಾವು ಸೇವೆಯ ಮಾತು ಬಂದಾಗ ಮಾತ್ರ ‘ಯೋಗ್ಯನಲ್ಲ’ ಅಂತ ಯಾಕೆ ಕೂತುಬಿಡಬೇಕು?

ಧರ್ಮೋಪದೇಶ ಪಾಠ ಹೇಳಿಕೊಡಿ ಅಂತ ಫಾದರ್ ಕೇಳಿದ್ದಾರೆ. ನನಗೆ ಬೈಬಲ್ಲೇ ಸರಿಯಾಗಿ ಗೊತ್ತಿಲ್ಲ. ಒಪ್ಪಿಕೊಳ್ಳಲಾ?

ಒಪ್ಪಿಕೊಳ್ಳಿ. ಆದರೆ ‘ನನಗೆ ಗೊತ್ತಿಲ್ಲ’ ಅನ್ನುವುದನ್ನು ಫಾದರ್ ಹತ್ತಿರ ಮೊದಲೇ ಹೇಳಿ, ಪುಸ್ತಕ ಕೇಳಿ, ಮೊದಲ ಕೆಲವು ವಾರ ಅನುಭವ ಇರುವ ಟೀಚರ್ ಜೊತೆ ಕೂರುವುದಕ್ಕೆ ಅವಕಾಶ ಕೇಳಿ.

ಮಿಲಾನಿನ ಸಂತ ಆಂಬ್ರೋಸರ ಕಥೆ ನಿಮಗೆ ಗೊತ್ತಿರಬೇಕು. ಕ್ರಿ.ಶ. 374ರಲ್ಲಿ ಅವರು ಆ ಪ್ರಾಂತ್ಯದ ರಾಜ್ಯಪಾಲ. ಬಿಷಪ್ ಆಯ್ಕೆಯ ಗಲಾಟೆ ತಣ್ಣಗೆ ಮಾಡಲು ಚರ್ಚಿಗೆ ಹೋದರೆ ಜನ ‘ಆಂಬ್ರೋಸರೇ ನಮ್ಮ ಬಿಷಪ್ ಆಗಲಿ’ ಅಂತ ಕೂಗಿದರು. ಆಗ ಅವರಿಗೆ ದೀಕ್ಷಾಸ್ನಾನ ಕೂಡ ಆಗಿರಲಿಲ್ಲ! ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನವೂ ಆಯಿತು, ಬಿಷಪ್ ಪಟ್ಟವೂ ಆಯಿತು. ಕಲಿಯುವ ಮೊದಲೇ ಕಲಿಸಬೇಕಾಗಿ ಬಂತು ಅಂತ ಅವರೇ ಮುಂದೆ ಬರೆದಿದ್ದಾರೆ. ಆದರೆ ಸುಮ್ಮನೆ ಕೂರಲಿಲ್ಲ. ಸಿಂಪ್ಲಿಸಿಯಾನುಸ್ ಎಂಬ ಗುರುವಿನ ಹತ್ತಿರ ಕೂತು ಓದಿದರು. 387ರಲ್ಲಿ ಸಂತ ಅಗಸ್ಟೀನರಿಗೆ ದೀಕ್ಷಾಸ್ನಾನ ಕೊಟ್ಟವರು ಇವರೇ.

ಮಕ್ಕಳು ಕೇಳಿದ್ದಕ್ಕೆ ಉತ್ತರ ಬರದಿದ್ದರೆ ‘ಮುಂದಿನ ವಾರ ಹೇಳ್ತೀನಿ’ ಅನ್ನಿ. ಮುಂದಿನ ವಾರ ಮರೆಯದೆ ಹೇಳಿ. ಮಕ್ಕಳು ಅಂಥ ಟೀಚರನ್ನು ನಂಬುತ್ತಾರೆ.

ಎಲ್ಲರ ಮುಂದೆ ನಿಂತರೆ ಕೈಕಾಲು ನಡುಗುತ್ತೆ. ವಾಚನ ಓದೋದು ಹೇಗೆ?

ಶನಿವಾರ ರಾತ್ರಿ ಮನೆಯಲ್ಲಿ ಜೋರಾಗಿ ಓದಿ. ಕಷ್ಟದ ಹೆಸರುಗಳನ್ನು ಮೊದಲೇ ಯಾರನ್ನಾದರೂ ಕೇಳಿ ಕಲಿಯಿರಿ. ನಿಧಾನವಾಗಿ ಓದಿ. ನಡುಕ ಕೆಲವು ವಾರ ಇರುತ್ತದೆ, ಅದರಿಂದ ದೇವರ ವಾಕ್ಯಕ್ಕೆ ಏನೂ ಕಮ್ಮಿ ಆಗುವುದಿಲ್ಲ. ಪ್ರಯತ್ನ ಪಟ್ಟೂ ಆಗದಿದ್ದರೆ ಬೇರೆ ಸೇವೆ ಕೇಳಿ. ಮಾತು ಬರದ ಮೋಶೆಗೆ ದೇವರು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಎಲ್ಲರೂ ಮೈಕ್ ಹಿಡಿಯಬೇಕು ಅಂತೇನಿಲ್ಲ.

## ಮನೆ, ಊರು, ಹಳೆಯ ಬದುಕು

ನನ್ನ ಹಳೇ ಬದುಕು ಊರಿಗೆಲ್ಲ ಗೊತ್ತು. ಕುಡಿತ ಬಿಟ್ಟು ಸ್ವಲ್ಪ ದಿನ ಆಯ್ತಷ್ಟೆ. ಈಗ ಚರ್ಚ್ ಕೆಲಸಕ್ಕೆ ನಿಂತರೆ ಜನ ಏನಂತಾರೆ?

ಅನ್ನುತ್ತಾರೆ. ಸಣ್ಣ ಊರುಗಳಲ್ಲಿ ಇದು ತಪ್ಪಿದ್ದಲ್ಲ. ಯೇಸು ತೆರಿಗೆ ವಸೂಲಿಯ ಲೇವಿಯನ್ನು ಕರೆದು ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಜನ ಯೇಸುವನ್ನೇ ಆಡಿಕೊಂಡರು. ವೈದ್ಯ ಬೇಕಾದದ್ದು ಕಾಯಿಲೆಯವರಿಗೆ, ಆರೋಗ್ಯವಾಗಿರುವವರಿಗಲ್ಲ ಅಂತ ಅವರು ಉತ್ತರ ಕೊಟ್ಟರು (ಮಾರ್ಕ 2). ನಿಮ್ಮ ಪರವಾಗಿ ಆ ಉತ್ತರ ಆಗಲೇ ಕೊಟ್ಟಾಗಿದೆ.

ಗೆನಸರೇತ್ ಸರೋವರದಲ್ಲಿ ಬಲೆ ತುಂಬಾ ಮೀನು ಬಿದ್ದ ದಿನ ಪೇತ್ರನೂ ನಿಮ್ಮ ಹಾಗೇ ಮಾತಾಡಿದ. ನಾನು ಪಾಪಿ, ನನ್ನಿಂದ ದೂರ ಹೋಗಿ ಅಂತ ಕಾಲಿಗೆ ಬಿದ್ದ (ಲೂಕ 5). ಯೇಸು ‘ನೀನು ಪಾಪಿ ಅಲ್ಲ’ ಅನ್ನಲಿಲ್ಲ, ದೂರವೂ ಹೋಗಲಿಲ್ಲ. ಹೆದರಬೇಡ ಅಂದರು, ಕೆಲಸ ಕೊಟ್ಟರು.

ಇನ್ನು ಪ್ರಾಯೋಗಿಕ ಮಾತು. ಕುಡಿತ ಬಿಟ್ಟ ಹೊಸದರಲ್ಲಿ ಡಾಕ್ಟರ ಔಷಧಿ, ಸಲಹೆ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಏನೇನು ನಡೆಯುತ್ತಿದೆಯೋ ಅದನ್ನು ಒಂದನ್ನೂ ನಿಲ್ಲಿಸಬೇಡಿ. ಪ್ರಾರ್ಥನೆ ಅವುಗಳ ಜಾಗಕ್ಕೆ ಬರುವುದಲ್ಲ, ಅವುಗಳ ಜೊತೆಗೆ ಇರುವುದು. ದುಡ್ಡು ಕೈಯಲ್ಲಿ ಹಿಡಿಯುವ ಕೆಲಸ, ವೇದಿಕೆ ಹತ್ತಿ ಸಾಕ್ಷಿ ಹೇಳುವ ಕೆಲಸ ಈಗಲೇ ಬೇಡ. ಜನ ಚಪ್ಪಾಳೆ ತಟ್ಟುವುದು ಹೊಸದಾಗಿ ಎದ್ದು ನಿಂತವರಿಗೆ ಒಳ್ಳೆಯದಲ್ಲ. ಹಬ್ಬಕ್ಕೆ ಚಪ್ಪರ ಹಾಕುವುದು, ಸತ್ತವರ ಮನೆಗೆ ಹೋಗಿ ಕೆಲಸಕ್ಕೆ ನಿಲ್ಲುವುದು, ಇಂಥದ್ದರಿಂದ ಶುರು ಮಾಡಿ. ಮತ್ತೆ ಜಾರಿದರೆ ಪಾಪನಿವೇದನೆಗೆ ಹೋಗಿ, ಡಾಕ್ಟರ ಹತ್ತಿರವೂ ಹೋಗಿ. ಅದೇ ವಾರ ಹೋಗಿ, ಮುಂದಕ್ಕೆ ಹಾಕಬೇಡಿ.

ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಅಣ್ಣ ಬೆಂಗಳೂರಲ್ಲಿದ್ದಾನೆ. ತೋಟ ನಾನೇ ನೋಡಬೇಕು. ‘ಸತ್ತವರು ತಮ್ಮ ಸತ್ತವರನ್ನು ಹೂಣಲಿ’ ಅಂತ ಯೇಸು ಹೇಳಿದ್ದು ಓದಿದ್ರೆ ಭಯ ಆಗುತ್ತೆ.

ಎಲೆಚುಕ್ಕಿ ರೋಗ, ಕೊಳೆರೋಗ ಎರಡೂ ಬಂದು ತೋಟ ಸೊರಗಿರುವ ಈ ಕಾಲದಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬನ್ನಿ ಅಂತ ಯೇಸು ನಿಮಗೆ ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಲೂಕ 9ರ ಆ ಮಾತು ಕಟುವಾದದ್ದೇ, ಅದನ್ನು ಮೆತ್ತಗೆ ಮಾಡುವುದು ಬೇಡ. ದೇವರ ರಾಜ್ಯಕ್ಕಿಂತ ಮೊದಲು ಇನ್ನೊಂದಿದೆ ಅನ್ನುವವರಿಗೆ ಅದು ಎಚ್ಚರಿಕೆ. ಆದರೆ ಅದರ ಜೊತೆಗೆ ಮಾರ್ಕ 7ನ್ನೂ ಓದಿ. ನನ್ನ ದುಡ್ಡು ದೇವರಿಗೆ ಮೀಸಲು ಅಂತ ಹೇಳಿ ಅಪ್ಪ ಅಮ್ಮನನ್ನು ಕೈಬಿಡುತ್ತಿದ್ದವರನ್ನು ಯೇಸು ಅಲ್ಲಿ ಗದರಿಸುತ್ತಾರೆ. ದೇವರ ಹೆಸರಿನಲ್ಲಿ ತಂದೆತಾಯಿಯನ್ನು ಬಿಡುವುದನ್ನು ಅವರು ಒಪ್ಪಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಅಪ್ಪ ಅಮ್ಮನ ಸೇವೆ ನೀವು ನಿಜವಾಗಿ ಮಾಡುತ್ತಿದ್ದೀರಾ, ಇಲ್ಲಾ ಬೇರೇನನ್ನೋ ತಪ್ಪಿಸಿಕೊಳ್ಳಲು ಅವರ ಹೆಸರು ಹೇಳುತ್ತಿದ್ದೀರಾ? ನಿಜವಾಗಿ ಮಾಡುತ್ತಿದ್ದರೆ ನಿಮ್ಮ ಶಿಷ್ಯತ್ವ ಆ ಮನೆಯಲ್ಲೇ ಶುರುವಾಗಿದೆ. ರಾತ್ರಿ ಅಪ್ಪನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದೂ ಅದರಲ್ಲಿ ಸೇರಿದೆ. ಅಣ್ಣನ ಹತ್ತಿರ ಮಾತಾಡಿ ವರ್ಷದಲ್ಲಿ ಕೆಲವು ದಿನ ಅವನು ಬಂದು ಇರುವ ಹಾಗೆ ಮಾಡಿ. ಆ ದಿನಗಳಲ್ಲಿ ಧ್ಯಾನಕೂಟಕ್ಕೆ ಹೋಗಬಹುದು.

ಮಳೆಗಾಲ ಶುರುವಾದ್ರೆ ನಮ್ಮ ಊರಿಂದ ಚರ್ಚಿಗೆ ಬರೋದೇ ಆಗಲ್ಲ. ಆಗ ಏನು ಮಾಡಲಿ?

ಆಗುಂಬೆ, ಹೊಸನಗರ ಕಡೆಯವರು ಇದನ್ನು ಜೂನ್ ಬಂದರೆ ಸಾಕು ಕೇಳುತ್ತಾರೆ. ಹಳ್ಳ ತುಂಬಿ ದಾರಿ ಕಟ್ಟಿದಾಗ ಪೂಜೆಗೆ ಬರಲಾಗದಿದ್ದರೆ ಅದು ಪಾಪವಲ್ಲ. ಅಂಥ ದಿನ ಭಾನುವಾರದ ಶುಭಸಂದೇಶವನ್ನು ಮನೆಯಲ್ಲಿ ಒಬ್ಬರು ಜೋರಾಗಿ ಓದಲಿ. ಕರೆಂಟ್ ಇಲ್ಲದಿದ್ದರೂ ಬೈಬಲ್ ಓದಲು ಒಂದು ಮೇಣದಬತ್ತಿ ಸಾಕು. ಹತ್ತಿರದಲ್ಲಿ ಎರಡು ಮೂರು ಕ್ರೈಸ್ತ ಮನೆಗಳಿದ್ದರೆ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ. ಕರೆದು ಸೇರಿಸುವವರು ಒಬ್ಬರು ಬೇಕು. ಬಹುಶಃ ಅದು ನೀವೇ.

ನನಗೆ ಸೇವೆ ಮಾಡೋ ಮನಸ್ಸಿದೆ. ಮನೆಯಲ್ಲಿ ‘ಹೆಂಗಸಿಗೆ ಯಾಕೆ ಇವೆಲ್ಲ’ ಅಂತಾರೆ.

ಲೂಕ 8ರ ಮೊದಲ ಮೂರು ವಚನ ಮನೆಯವರ ಮುಂದೆ ಓದಿ. ಮಗ್ದಲದ ಮರಿಯ, ಹೆರೋದನ ಮೇಲ್ವಿಚಾರಕ ಕೂಜನ ಹೆಂಡತಿ ಯೊವಾನ್ನ, ಸುಸನ್ನ, ಇನ್ನೂ ಎಷ್ಟೋ ಹೆಂಗಸರು ಯೇಸುವಿನ ಜೊತೆ ಊರೂರು ಹೋದರು. ತಮ್ಮ ಕೈಯಿಂದ ಖರ್ಚು ಮಾಡಿ ಅವರನ್ನು, ಹನ್ನೆರಡು ಶಿಷ್ಯರನ್ನು ನೋಡಿಕೊಂಡರು. ಶಿಲುಬೆಯ ಹತ್ತಿರ ಉಳಿದವರಲ್ಲಿ ಹೆಂಗಸರೇ ಜಾಸ್ತಿ, ಪುನರುತ್ಥಾನದ ಸುದ್ದಿ ಮೊದಲು ತಂದವರೂ ಅವರೇ. ‘ಯಾಕೆ’ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನ ಹತ್ತಿರ ಇಲ್ಲ. ಮನೆಯಲ್ಲಿ ಜಗಳ ಜೋರಾಗುವ ಹಾಗಿದ್ದರೆ ನಿಮ್ಮ ಅತ್ತೆ ಗೌರವಿಸುವ ಒಬ್ಬ ಹಿರಿಯ ಹೆಂಗಸಿನಿಂದ ಮಾತಾಡಿಸಿ.

ನಮ್ಮದು ಹಿಂದೂ ಮನೆ. ಯೇಸುವಿನ ಮೇಲೆ ಮನಸ್ಸಾಗಿದೆ. ಮನೆಯವರಿಗೆ ಹೇಳೋ ಧೈರ್ಯ ಇಲ್ಲ. ನಾನು ಹೇಡಿನಾ?

ಇಲ್ಲ. ಯೆಹೂದ್ಯರ ನ್ಯಾಯಸಭೆಯ ಸದಸ್ಯ ನಿಕೊದೇಮನನ್ನು ನೋಡಿ. ಅವನು ಯೇಸುವಿನ ಹತ್ತಿರ ಮೊದಲು ಬಂದದ್ದು ರಾತ್ರಿ (ಯೊವಾನ್ನ 3). ಯೇಸು ಅವನನ್ನು ಬೈಯಲಿಲ್ಲ, ಕೂರಿಸಿ ಮಾತಾಡಿದರು. ಆಮೇಲೊಮ್ಮೆ ಆ ಸಭೆಯಲ್ಲಿ, ವಿಚಾರಣೆ ಮಾಡದೆ ಯಾರನ್ನಾದರೂ ತಪ್ಪಿತಸ್ಥ ಅನ್ನಬಹುದಾ ಅಂತ ಒಂದು ಮಾತು ಕೇಳಿದ. ಕೊನೆಗೆ ಶಿಷ್ಯರು ಹೆದರಿ ಚದುರಿ ಹೋಗಿದ್ದಾಗ, ಸುಮಾರು 30 ಕಿಲೋ ಸುಗಂಧದ್ರವ್ಯ ಹೊರಿಸಿಕೊಂಡು ಯೇಸುವಿನ ದೇಹವನ್ನು ಸಮಾಧಿ ಮಾಡಲು ಎಲ್ಲರಿಗೂ ಕಾಣುವಂತೆ ಬಂದ. ಅವನಿಗೆ ಸಮಯ ಬೇಕಾಯಿತು, ಯೇಸು ಆ ಸಮಯ ಕೊಟ್ಟರು.

ಅವಸರ ಬೇಡ. ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವ ಮೊದಲು ಧರ್ಮಸಭೆ ತಿಂಗಳುಗಟ್ಟಲೆ ಕಲಿಕೆ ಇಟ್ಟಿರುವುದೇ ಯೋಚನೆ ಮಾಡಲಿ ಅಂತ. ಅಪ್ಪ ಅಮ್ಮನನ್ನು, ಅವರ ದೇವರನ್ನು ಒಂದು ಮಾತೂ ಕೀಳಾಗಿ ಆಡಬೇಡಿ. ನಿಮಗೆ ಪ್ರಾರ್ಥನೆ ಮೊದಲು ಕಲಿಸಿದ್ದು ಅವರು. ದುಡ್ಡು, ಕೆಲಸ, ಮದುವೆ ತೋರಿಸಿ ಯಾರಾದರೂ ಕರೆದರೆ ಅದು ಯೇಸುವಿನ ಕರೆಯಲ್ಲ, ಅಲ್ಲಿಂದ ಎದ್ದು ಬನ್ನಿ.

## ಇನ್ನೂ ಆಳದ ಪ್ರಶ್ನೆಗಳು

ದೀಕ್ಷಾಸ್ನಾನ ಆಗಿದೆ, ದೃಢೀಕರಣ ಆಗಿದೆ, ಭಾನುವಾರ ತಪ್ಪಿಸಲ್ಲ. ಆದ್ರೂ ಒಳಗೆ ಏನೂ ಆಗಿಲ್ಲ ಅನ್ನಿಸುತ್ತೆ. ಇಂಥ ನಾನು ಶಿಷ್ಯೆ ಹೇಗಾಗ್ತೀನಿ?

ನಮ್ಮ ಗುಡ್ಡಗಳಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕು ಇದಕ್ಕೆ ಉತ್ತರ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಜನರ ವಿರೋಧ ಕಟ್ಟಿಕೊಂಡವರು. ಕಾಡಿನಲ್ಲಿ ಮನೆ ಮಾಡಿಕೊಂಡಿದ್ದರು. ಮಗಳೂ ಸಂಸ್ಕೃತ ಕಲಿತಳು. ಮುಂದೆ ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು. ಕಲ್ಕತ್ತದ ವಿದ್ವಾಂಸರು ಆಕೆಗೆ ‘ಪಂಡಿತಾ’ ಎಂಬ ಬಿರುದು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರಿಗೆ ದೀಕ್ಷಾಸ್ನಾನ ಆಯಿತು. ಆದರೆ ಮುಂದೆ ತಮ್ಮ ಕಥೆ ಬರೆಯುವಾಗ ಅವರು ಬಿಚ್ಚಿ ಹೇಳಿದರು: ಆಗ ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕಿರಲಿಲ್ಲ. ಕ್ರಿಸ್ತನನ್ನು ಮನಸಾರೆ ಕಂಡುಕೊಳ್ಳಲು ಅವರಿಗೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ನನ್ನ ಮನಸ್ಸಿಗೆ ನಾಟಿದ್ದು ಆ ನಡುವಿನ ವರ್ಷಗಳಲ್ಲಿ ಅವರು ಏನು ಮಾಡಿದರು ಅನ್ನುವುದು. ಒಳಗೆ ತುಂಬಲಿ ಅಂತ ಕಾಯುತ್ತಾ ಕೂರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ವಿಧವೆಯರಿಗೆ ಓದು ಕಲಿಸಿದರು. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಆಶ್ರಮ, ಬರಗಾಲದಲ್ಲಿ ಉಳಿಸಿದ ನೂರಾರು ಹೆಣ್ಣುಮಕ್ಕಳು, ಬೈಬಲ್ಲಿನ ಮರಾಠಿ ಅನುವಾದ, ಇವೆಲ್ಲ ಆಮೇಲಿನ ಮಾತು.

ನಿಮ್ಮೊಳಗೆ ಏನೂ ಆಗಿಲ್ಲ ಅನ್ನುವುದು ಬಹುಶಃ ನಿಜವೇ ಇರಬಹುದು. ಅದನ್ನು ಪ್ರಾರ್ಥನೆಯಲ್ಲಿ ಹಾಗೇ ಹೇಳಿ. ಕೈಯಲ್ಲಿರುವ ಒಳ್ಳೆಯ ಕೆಲಸವನ್ನು ಅದಕ್ಕಾಗಿ ನಿಲ್ಲಿಸಬೇಡಿ.

ಫಾದರ್ ಆಗೋಕೆ ಗುರುಮಠಕ್ಕೆ ಸೇರೋ ಆಸೆ ಇದೆ. ಓದಿನಲ್ಲಿ ಹಿಂದೆ. ಅಷ್ಟು ದೊಡ್ಡ ಜವಾಬ್ದಾರಿಗೆ ನಾನು ಸಾಲದವನು ಅನ್ನಿಸುತ್ತೆ.

ಸೇರುವ ದಿನವೇ ನೀವು ಸಾಕಷ್ಟು ಬೆಳೆದಿರಬೇಕು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಅಷ್ಟು ವರ್ಷಗಳ ತರಬೇತಿ. ತತ್ವಶಾಸ್ತ್ರ, ದೇವಶಾಸ್ತ್ರ ಎರಡೂ ಸೇರಿ ಕನಿಷ್ಠ 6 ವರ್ಷ ಓದಬೇಕು ಅಂತ ಧರ್ಮಸಭೆಯ ಕಾನೂನಿನಲ್ಲೇ ಇದೆ. ಸಿಸ್ಟರ್ ಆಗುವವರಿಗೂ ಹಾಗೇ. ವ್ರತಕ್ಕೆ ಮೊದಲಿನ ತರಬೇತಿಯಾದ ನೊವಿಶಿಯೇಟ್ ಕನಿಷ್ಠ 12 ತಿಂಗಳು, ಅದಾದ ಮೇಲೆ ಮೊದಲ ವ್ರತ ಕೂಡ ತಾತ್ಕಾಲಿಕ, ಕನಿಷ್ಠ 3 ವರ್ಷದ್ದು. ನಿಮ್ಮನ್ನು ಧರ್ಮಸಭೆ ನೋಡುವುದಕ್ಕೆ, ಧರ್ಮಸಭೆಯನ್ನು ನೀವು ನೋಡುವುದಕ್ಕೆ ಈ ಸಮಯ. ನಡುವೆ ‘ಇದು ನನ್ನ ದಾರಿ ಅಲ್ಲ’ ಅಂತ ಗೊತ್ತಾಗಿ ಮನೆಗೆ ಬಂದರೆ ಅದು ಸೋಲಲ್ಲ. ನೆಂಟರು ಏನಾದರೂ ಅನ್ನಲಿ.

ಓದಿನ ಬಗ್ಗೆ: ಫ್ರಾನ್ಸಿನ ಸಂತ ಜಾನ್ ಮರಿಯ ವಿಯಾನಿಗೆ ಲ್ಯಾಟಿನ್ ತಲೆಗೆ ಹತ್ತುತ್ತಲೇ ಇರಲಿಲ್ಲ. ತುಂಬಾ ಕಷ್ಟಪಟ್ಟು 1815ರಲ್ಲಿ ಗುರುಪಟ್ಟ ಪಡೆದರು. ಆರ್ಸ್ ಎಂಬ ಪುಟ್ಟ ಹಳ್ಳಿಗೆ ಅವರನ್ನು ಕಳಿಸಿದರು. ಪಾಪನಿವೇದನೆ ಮಾಡಲು ದೂರದೂರದಿಂದ ಜನ ಆ ಹಳ್ಳಿಗೆ ಬಂದರು. ಇವತ್ತು ಧರ್ಮಕೇಂದ್ರದ (ಪ್ಯಾರಿಷ್) ಗುರುಗಳೆಲ್ಲರ ಪಾಲಕ ಸಂತ ಅವರೇ. ಹಾಗಂತ ಓದುವುದು ಬೇಡ ಅಂತಲ್ಲ. ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ 33ನೇ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ನಿನ ಮೊದಲ ಪಾಠದಿಂದ ಶುರು ಮಾಡಿದರು.

ಹಾಗಾದ್ರೆ ‘ಇನ್ನೂ ಸಿದ್ಧ ಇಲ್ಲ’ ಅನ್ನೋದು ಯಾವಾಗಲೂ ನೆಪಾನಾ? ಕಾಯಲೇಬೇಕಾದ ಸಂದರ್ಭ ಇಲ್ವಾ?

ಇದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಯೇಸುವೇ ಹೇಳಿದ್ದಾರೆ (ಲೂಕ 14). ದೆವ್ವಗಳಿಂದ ಬಿಡುಗಡೆಯಾದ ಗೆರಸೇನರ ಸೀಮೆಯ ಮನುಷ್ಯ ‘ನಿಮ್ಮ ಜೊತೆ ಬರುತ್ತೇನೆ’ ಅಂತ ಬೇಡಿಕೊಂಡಾಗ ಯೇಸು ಬೇಡ ಅಂದರು. ಮನೆಗೆ ಹೋಗು, ದೇವರು ನಿನಗೆ ಮಾಡಿದ್ದನ್ನು ಹೇಳು ಅಂದರು (ಲೂಕ 8). ಅವನಿಗೆ ಬೇಕಾಗಿದ್ದ ಕರೆಯೇ ಒಂದು, ಸಿಕ್ಕಿದ ಕರೆಯೇ ಇನ್ನೊಂದು.

ಕಾಯುವುದರಲ್ಲೂ ಎರಡು ಬಗೆ. ಮದರ್ ತೆರೆಸಾ ಅವರಿಗೆ ಬಡವರ ನಡುವೆ ಬದುಕುವ ಕರೆ ಬಂದದ್ದು 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ. ಕಾನ್ವೆಂಟಿನಿಂದ ಹೊರಗೆ ಕಾಲಿಟ್ಟದ್ದು 1948ರ ಆಗಸ್ಟ್‌ನಲ್ಲಿ. ನಡುವಿನ ಎರಡು ವರ್ಷ ಅವರು ಸುಮ್ಮನೆ ಇರಲಿಲ್ಲ. ಆರ್ಚ್‌ಬಿಷಪ್ಪರಿಗೆ ಮತ್ತೆ ಮತ್ತೆ ಪತ್ರ ಬರೆದರು, ಕೇಳುತ್ತಲೇ ಇದ್ದರು. ಅನುಮತಿ ಇಲ್ಲದೆ ಹೊರಡಲೂ ಇಲ್ಲ, ಆಸೆ ಬಿಡಲೂ ಇಲ್ಲ. ನಿಮ್ಮ ಕಾಯುವಿಕೆಗೂ ಇದೇ ಅಳತೆ ಇಡಿ. ಯಾವುದಕ್ಕೆ ಕಾಯುತ್ತಿದ್ದೀರಿ ಅಂತ ಹೇಳಲು ಬರುತ್ತದಾ? ಅಷ್ಟರೊಳಗೆ ಮಾಡಬಹುದಾದ್ದನ್ನು ಮಾಡುತ್ತಿದ್ದೀರಾ? ಮನೆಯಲ್ಲಿ ಪುಟ್ಟ ಮಗು ಇದೆ, ಇನ್ನೊಂದು ವರ್ಷ ಆಗುವುದಿಲ್ಲ ಅನ್ನುವುದು ನೆಪವಲ್ಲ. ‘ಯಾವಾಗಲಾದರೂ ನೋಡೋಣ’ ಅನ್ನುವುದು ಬೇರೆ.

ಒಪ್ಪಿಕೊಂಡು ಕೆಲವು ವರ್ಷ ಆಯ್ತು. ಈಗ ಪ್ರಾರ್ಥನೆಯಲ್ಲಿ ಏನೂ ಅನ್ನಿಸಲ್ಲ, ಸುಸ್ತಾಗಿದೆ. ಬಿಟ್ಟುಬಿಡಲಾ?

ಮೊದಲು ನಿದ್ದೆ ಮಾಡಿ, ಸರಿಯಾಗಿ ಊಟ ಮಾಡಿ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಸಾಕಾಯಿತು, ಸಾಯುತ್ತೇನೆ ಅಂತ ಮರದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮಲಗಿದ, ಎದ್ದು ಮತ್ತೆ ತಿಂದ. ಆಮೇಲೆ ದಾರಿಯ ಮಾತು (1 ಅರಸುಗಳು 19). ನಮ್ಮ ಧರ್ಮಕೇಂದ್ರಗಳಲ್ಲಿ ಒಬ್ಬರೇ ಕ್ವಾಯರ್, ಧರ್ಮೋಪದೇಶ, ಹಬ್ಬದ ಲೆಕ್ಕ ಎಲ್ಲ ಹೊತ್ತುಕೊಂಡಿರುವುದನ್ನು ನೋಡುತ್ತೇನೆ. ಎರಡನ್ನು ಬೇರೆಯವರಿಗೆ ಕೊಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಮನೆಯವರಿಗೆ ಹೇಳಿ, ಡಾಕ್ಟರನ್ನು ನೋಡಿ.

ದೇಹ ಚೆನ್ನಾಗಿದ್ದು ಪ್ರಾರ್ಥನೆ ಮಾತ್ರ ಒಣಗಿದ್ದರೆ ಸಂತ ಇಗ್ನೇಷಿಯಸರ ಸಲಹೆ ಹಿಡಿಯಿರಿ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ತೀರ್ಮಾನ ಬದಲಿಸಬೇಡಿ. ಮದರ್ ತೆರೆಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತಿಗೆ ಗೊತ್ತಾಯಿತು, ಅವರಿಗೂ ದಶಕಗಳ ಕಾಲ ದೇವರು ಹತ್ತಿರ ಇದ್ದಾರೆ ಅನ್ನಿಸುತ್ತಿರಲಿಲ್ಲ. ಆ ವರ್ಷಗಳಲ್ಲೇ ಅವರು ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದರು.

ನಾನು ಹಿಂದೆ ಒಪ್ಪಿಕೊಂಡು ಅರ್ಧಕ್ಕೆ ಬಿಟ್ಟು ಬಂದವನು. ಈಗ ಮತ್ತೆ ಹೇಗೆ ಮುಖ ತೋರಿಸಲಿ?

ಯೊವಾನ್ನ ಮಾರ್ಕ ಎಂಬ ಯುವಕ ಪ್ರೇಷಿತರಾದ ಪೌಲ, ಬಾರ್ನಬರ ಜೊತೆ ಶುಭಸಂದೇಶ ಸಾರುವ ಮೊದಲ ಪ್ರಯಾಣಕ್ಕೆ ಹೊರಟು ಪಂಫೀಲಿಯದಿಂದ ಅರ್ಧಕ್ಕೇ ಜೆರುಸಲೇಮಿಗೆ ವಾಪಸ್ ಹೋದ. ಯಾಕೆ ಅಂತ ಬೈಬಲ್ ಹೇಳುವುದಿಲ್ಲ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗಲು ಪೌಲ ಒಪ್ಪಲೇ ಇಲ್ಲ. ಬಾರ್ನಬ ಬಿಡಲಿಲ್ಲ. ಇಬ್ಬರಿಗೂ ಜೋರು ಜಗಳವಾಗಿ ಬೇರೆಯಾದರು (ಪ್ರೇಷಿತರ ಕಾರ್ಯಕಲಾಪಗಳು 13 ಮತ್ತು 15). ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಎಷ್ಟೋ ವರ್ಷದ ಮೇಲೆ ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ ಅದೇ ಪೌಲರ ಮಾತು ಬದಲಾಗಿದೆ. ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕು. ಮಾರ್ಕನ ಶುಭಸಂದೇಶ ಬರೆದದ್ದು ಇವನೇ ಎಂಬುದು ಧರ್ಮಸಭೆಯ ಹಳೆಯ ನಂಬಿಕೆ.

ನಿಮ್ಮ ಮೇಲೆ ಬೇಜಾರಾಗಿರುವ ಪೌಲರು ಧರ್ಮಕೇಂದ್ರದಲ್ಲಿ ಇರಬಹುದು. ಅವರ ಬೇಜಾರಿಗೆ ಕಾರಣವೂ ಇರಬಹುದು. ಅವರ ಹತ್ತಿರ ವಾದಕ್ಕೆ ಹೋಗಬೇಡಿ. ಒಬ್ಬ ಬಾರ್ನಬನನ್ನು ಹುಡುಕಿ, ನಿಮ್ಮ ಜೊತೆ ಬಾಗಿಲವರೆಗೆ ಬರುವ ಒಬ್ಬರು ಸಾಕು. ಹಿಂದೆ ಬಿಟ್ಟ ಕೆಲಸವನ್ನೇ ಮತ್ತೆ ಕೇಳಬೇಕು ಅಂತಿಲ್ಲ, ಈಗ ಯಾವುದಕ್ಕೆ ಜನ ಸಾಲದು ಅಂತ ಫಾದರನ್ನು ಕೇಳಿ. ವಾರದ ದಿನ, ಬೆಳಗಿನ ಪೂಜೆ ಮುಗಿದ ಮೇಲೆ ಹೋದರೆ ಅವರಿಗೂ ಮಾತಾಡಲು ಸಮಯ ಇರುತ್ತದೆ.